ಪೆರೋವ್‌ಸ್ಕೈಟ್ ಸೋಲಾರ್ ಸೆಲ್‌ನ ಪದರದಲ್ಲಿ ಎಳೆತ ಯಾಕೆ ಉಂಟಾಗುತ್ತದೆ? ಅದನ್ನು ತಡೆಯುವುದು ಹೇಗೆ?

ಬಿಸಿ ಮಾಡಿ ತಣಿಸುವಾಗ ಕೆಳಗಿನ ಗಾಜು ಮತ್ತು ಅದರ ಮೇಲಿನ ಪೆರೋವ್‌ಸ್ಕೈಟ್ (ಬೆಳಕು ಹೀರಿ ವಿದ್ಯುತ್ ಕೊಡುವ ಒಂದು ಬಗೆಯ ಹರಳು) ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ, ಅದಕ್ಕೇ.

ಗಾಜಿನ ಮೇಲೆ ದ್ರಾವಣ ಹಚ್ಚಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಕಪ್ಪು ಹರಳಿನ ಪದರ ಮೂಡುತ್ತದೆ. ದಪ್ಪ ಹೆಚ್ಚುಕಡಿಮೆ ಅರ್ಧ ಮೈಕ್ರಾನ್ ಅಷ್ಟೇ. ತಣ್ಣಗಾಗುವಾಗ ಅದು ಗಾಜಿಗಿಂತ ಹಲವು ಪಟ್ಟು ಜಾಸ್ತಿ ಕುಗ್ಗಲು ನೋಡುತ್ತದೆ. ಆದರೆ ಗಾಜು ಬಿಡಬೇಕಲ್ವಾ? ಹಾಗಾಗಿ ಪದರ ಡೋಲಿಗೆ ಎಳೆದು ಕಟ್ಟಿದ ಚರ್ಮದಂತೆ ಬಿಗಿಯಾಗಿ ಉಳಿಯುತ್ತದೆ. ಹೀಗೆ ಎಳೆತಕ್ಕೆ ಸಿಕ್ಕ ಹರಳಿನೊಳಗೆ ಅಯಾನುಗಳು, ಅಂದರೆ ವಿದ್ಯುದಂಶವಿರುವ ಕಣಗಳು, ಸುಲಭವಾಗಿ ಜಾಗ ಬದಲಿಸುತ್ತವೆ. ಸೆಲ್ ಬೇಗ ಹಾಳಾಗುತ್ತದೆ.

ಕಡಿಮೆ ಬಿಸಿಯಲ್ಲೇ ಹರಳು ಮೂಡಿಸಿದರೆ ಎಳೆತ ತಗ್ಗುತ್ತದೆ. ನನಗೆ ಇನ್ನೂ ಹಿಡಿಸುವ ದಾರಿ, ಬೇಕೆಂದೇ ಹರಳನ್ನು ತುಸು ಒತ್ತಿಹಿಡಿಯುವುದು. ಫಾರ್ಮಮಿಡಿನಿಯಮ್ ಲೆಡ್ ಅಯೋಡೈಡ್ ಎಂಬ ಪೆರೋವ್‌ಸ್ಕೈಟ್ ಕೋಣೆಯ ಉಷ್ಣತೆಯಲ್ಲಿ ಸುಮ್ನೆ ಬಿಟ್ಟರೆ ಹಳದಿಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಒತ್ತಿಹಿಡಿದರೆ ಹೆಚ್ಚು ಕಾಲ ಕಪ್ಪಾಗಿಯೇ ಇರುತ್ತದೆ.