ಪೇಜ್‌ಮೇಕರ್ ಫೈಲ್ ತೆರೆದರೆ ಸಾಲದು, ಫಾಂಟ್ ಎಲ್ಲಿದೆ?

ಪ್ರಶ್ನೆ: ನಮ್ಮೂರ ಶಾಲೆಯ ಸ್ಮರಣ ಸಂಚಿಕೆಯನ್ನು 2003ರಲ್ಲಿ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಮಾಡಿಸಿದ್ದೆವು. ಈಗ ಸೀಡಿ ಸಿಕ್ಕಿದೆ, ಫೈಲ್ ಓಪನ್ ಆಗುತ್ತಿಲ್ಲ. ಮೈಸೂರಿನ ಡಿಟಿಪಿ ಅಂಗಡಿಯೊಂದರಲ್ಲಿ ಈಗಿನ ಕಂಪ್ಯೂಟರ್, ಮೊಬೈಲ್‌ಗಳೆಲ್ಲ ಬಳಸುವ ಯೂನಿಕೋಡ್ ಅಕ್ಷರಕ್ರಮಕ್ಕೆ ಕನ್ವರ್ಟ್ ಮಾಡಿಕೊಡುತ್ತೇವೆ ಅಂದರು. ಕೊಡಬಹುದೇ? (ಮದ್ದೂರು)

ಉತ್ತರ: ಈಗಲೇ ಕೊಡಬೇಡಿ. ಮಂಡ್ಯ, ಮೈಸೂರು ಎರಡೂ ಕಡೆಯಿಂದ ಇದೇ ಪ್ರಶ್ನೆ ಬರುತ್ತಲೇ ಇದೆ. ಎಲ್ಲರೂ ಫೈಲ್ ಬಗ್ಗೆ ಕೇಳುತ್ತಾರೆ, ಫಾಂಟ್ ವಿಚಾರ ಒಬ್ಬರೂ ಎತ್ತುವುದಿಲ್ಲ.

ಫೈಲ್ ತೆರೆಯಲು ದಾರಿಯಿದೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಕಂಪ್ಯೂಟರಿನಲ್ಲಿ ಅದು ಈಗಲೂ ಓಡುತ್ತದೆ. 6ರಿಂದ ಈಚಿನ ಆವೃತ್ತಿಗಳ ಫೈಲನ್ನು ಇನ್‌ಡಿಸೈನ್ ಎಂಬ ಪುಟವಿನ್ಯಾಸದ ಸಾಫ್ಟ್‌ವೇರ್‌ನ ಸಿಎಸ್6 ಆವೃತ್ತಿ ತೆರೆಯುತ್ತದೆ. ಅದರ ನಂತರದ ಸಿಸಿ ಆವೃತ್ತಿ ತೆರೆಯುವುದಿಲ್ಲ. ಲಿಬ್ರೆಆಫೀಸ್ ಡ್ರಾ ಎಂಬ ಸಾಫ್ಟ್‌ವೇರ್ ಕೂಡ ತೆರೆಯುತ್ತದೆ, ಆದರೆ ಪುಟವಿನ್ಯಾಸ ಕದಲುತ್ತದೆ.

ತೆರೆದ ಮೇಲೆ ಏನು ಕಾಣುತ್ತದೆ? ನುಡಿ ಎಂಬ ಕನ್ನಡ ಸಾಫ್ಟ್‌ವೇರ್‌ನ ಫಾಂಟಿನಲ್ಲಿ ಸೆಟ್ ಮಾಡಿದ್ದು, ಆ ಫಾಂಟ್ ಇಲ್ಲದಿದ್ದರೆ, ‘ಕ’ ಇದ್ದ ಕಡೆ ಇಂಗ್ಲಿಷಿನ ದೊಡ್ಡ ‘ಪಿ’, ಅದರ ಪಕ್ಕ ತಲೆಯ ಮೇಲೆ ಗೀಟಿರುವ ‘ಎ’. ಫೈಲ್ ಕೆಟ್ಟಿಲ್ಲ. ಆಗ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ತುಂಡುತುಂಡಾಗಿ ಕೂರಿಸುತ್ತಿದ್ದರು. ನುಡಿಯ ಜೋಡಣೆ ಬೇರೆ, ಶ್ರೀಲಿಪಿ ಎಂಬ ಇನ್ನೊಂದು ಸಾಫ್ಟ್‌ವೇರ್‌ನದು ಬೇರೆ. ಶ್ರೀಲಿಪಿಯಲ್ಲಿ ಸೆಟ್ ಮಾಡಿದ್ದನ್ನು ನುಡಿಯ ಕನ್ವರ್ಟರ್‌ಗೆ ಹಾಕಿದರೆ ಕಸವೇ ಹೊರಬರುವುದು.

ಸರಿಯಾದ ಕನ್ವರ್ಟರ್ ಎಂದುಕೊಂಡು ನಂಬಿದವರಿಗೂ ಅರ್ಕಾವತ್ತು ಕೈಕೊಡುತ್ತದೆ. ಹಳೇ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಅದನ್ನು ಅಕ್ಷರಕ್ಕಿಂತ ಮೊದಲಿಗೆ ಸರಿಸದ ಕನ್ವರ್ಟರ್ ‘ಕರ್ನಾಟಕ’ವನ್ನು ‘ಕನಾರ್ಟಕ’ ಮಾಡುತ್ತದೆ, ‘ಕಾರ್ಖಾನೆ’ಯನ್ನು ‘ಕಾಖಾರ್ನೆ’ ಮಾಡುತ್ತದೆ. ನಡುನಡುವೆ ಇರುವ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ‘ನೂರಕ್ಕೆ ನೂರು ಸರಿ’ ಎಂದು ಪುಟಕ್ಕಿಷ್ಟು ದುಡ್ಡು ಕೇಳುವವರು ಪ್ರೂಫ್ ನೋಡುವುದೇ ಇಲ್ಲ. ದಾನಿಗಳ, ತೀರಿಹೋದ ಮೇಷ್ಟ್ರುಗಳ ಹೆಸರಿರುವ ಸಂಚಿಕೆಯನ್ನು ಅಂಥವರ ಕೈಗೆ ಕೊಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಹಾಗಾಗಿ ಮೊದಲು ಸೀಡಿಯಲ್ಲಿರುವುದನ್ನೆಲ್ಲ, ಫೋಟೋ ಫೋಲ್ಡರ್ ಸಮೇತ, ಎರಡು ಕಡೆ ಕಾಪಿ ಮಾಡಿ. ಪೇಜ್‌ಮೇಕರ್‌ನಲ್ಲಿ ಎಷ್ಟೋ ಫೋಟೋಗಳು ಫೈಲಿನ ಒಳಗಿರುವುದಿಲ್ಲ, ಬರೀ ಲಿಂಕ್ ಇರುತ್ತದೆ. ಸೆಟ್ಟಿಂಗ್ ಮಾಡಿದವರನ್ನು ಹುಡುಕಿ, ಯಾವ ಫಾಂಟ್ ಎಂದು ಕೇಳಿ. ಶ್ರೀಲಿಪಿಯಾದರೆ ಅದರ ಡಾಂಗಲ್ (ಸಾಫ್ಟ್‌ವೇರ್ ಓಡಲು ಕಂಪ್ಯೂಟರಿಗೆ ಸಿಕ್ಕಿಸುವ ಕೀಲಿ) ಅವರ ಹತ್ತಿರವೇ ಇರಬಹುದು. ಅದೇ ಫಾಂಟ್ ಹಾಕಿ ಮೊದಲು ಪಿಡಿಎಫ್ ತೆಗೆಯಿರಿ. ಯೂನಿಕೋಡ್ ಆಮೇಲೆ: ಆರ್‌ಟಿಎಫ್ ಎಂಬ ಬಗೆಯ ಪಠ್ಯದ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿದರೆ ಯಾವ ಪದಕ್ಕೆ ಯಾವ ಫಾಂಟ್ ಎಂಬುದು ಉಳಿಯುತ್ತದೆ, ಇಂಗ್ಲಿಷನ್ನು ಬೇರೆ ಮಾಡಬಹುದು. ಅಚ್ಚಾದ ಪ್ರತಿ ಮುಂದಿಟ್ಟುಕೊಂಡು ಸಾಲುಸಾಲು ಓದಿ.

ಪ್ರಶ್ನೆ: ಪೇಜ್‌ಮೇಕರ್ ಫೈಲ್ ಹೆಸರಿನ ಕೊನೆಯಲ್ಲಿ ಪಿಡಿಎಫ್ ಎಂದು ಬದಲಿಸಿದರೆ ತೆರೆಯುತ್ತದೆ ಎನ್ನುತ್ತಾರೆ, ನಿಜವೇ? (ಕುವೆಂಪುನಗರ)

ಉತ್ತರ: ಶುದ್ಧ ಸುಳ್ಳು.

ಪ್ರಶ್ನೆ: ನಮ್ಮ ಸಂಘದ ಕರಪತ್ರಗಳೆಲ್ಲ ಮೈಕ್ರೋಸಾಫ್ಟ್ ಪಬ್ಲಿಷರ್‌ನಲ್ಲಿವೆ. ತೊಂದರೆಯಿಲ್ಲ ತಾನೆ? (ಶ್ರೀರಂಗಪಟ್ಟಣ)

ಉತ್ತರ: ಇದೆ. 2026ರ ಅಕ್ಟೋಬರ್‌ನ ನಂತರ ಪಬ್ಲಿಷರ್‌ಗೆ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅದು ಓಡುತ್ತಿರುವಾಗಲೇ ಒಂದೊಂದನ್ನೂ ತೆರೆದು ಪಿಡಿಎಫ್ ಮಾಡಿಡಿ, ಫಾಂಟ್ ಫೈಲನ್ನೂ ಅದೇ ಫೋಲ್ಡರಿಗೆ ಹಾಕಿ.