ಮಲೆನಾಡಿನ ಮನೆಗೆ ಹೊಸ ಕಾರು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಡಿಕೆ ಮಾರಾಟವಾಗಿ ಹಣ ಕೈಸೇರುವ ತಿಂಗಳುಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಾರಿನ ವಿಚಾರದ್ದೇ ಮೇಲುಗೈ. ಯಾವ ಕಂಪನಿಯ ಕಾರು ಒಳ್ಳೆಯದು ಎಂದಷ್ಟೇ ಕೇಳಿದವರಿಗೆ ಇಲ್ಲಿ ಉತ್ತರ ಸಿಗದು. ತಮ್ಮ ರಸ್ತೆ, ಮನೆಯ ಜನ ಮತ್ತು ಹಣದ ಲೆಕ್ಕವನ್ನು ಬಿಡಿಸಿ ಬರೆದವರ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಅಪ್ಪಯ್ಯ, ಅಮ್ಮ, ನಾವಿಬ್ಬರು ಮತ್ತು ಇಬ್ಬರು ಮಕ್ಕಳಿದ್ದೇವೆ. ದಿನವೂ ಮಕ್ಕಳನ್ನು ಶಾಲೆಗೆ ಬಿಡಲು ಆರೇಳು ಕಿಲೋಮೀಟರ್ ಹೋಗಬೇಕು, ಅದರಲ್ಲಿ ಒಂದು ಕಿಲೋಮೀಟರ್ ಮಣ್ಣುರಸ್ತೆ. ತಿಂಗಳಿಗೊಮ್ಮೆ ಅಮ್ಮನ ಚಿಕಿತ್ಸೆಗೆಂದು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತೇವೆ. ಘಾಟಿಗೆ ಡೀಸೆಲ್ ಕಾರೇ ಸರಿ ಎನ್ನುತ್ತಾರೆ. ನಿಜವೇ? ಏಳು ಸೀಟಿನದು ಬೇಕೇ? ಆಟೊಮ್ಯಾಟಿಕ್ ಆಗಬಹುದೇ?

ಉತ್ತರ: ಡೀಸೆಲ್ ಎಂಜಿನ್ನಿಗೆ ಕಡಿಮೆ ವೇಗದಲ್ಲೂ ಎಳೆಯುವ ಶಕ್ತಿ ಹೆಚ್ಚಿರುವುದರಿಂದ ಜನ ತುಂಬಿದ ಕಾರು ತಿಣುಕದೆ ಘಾಟಿ ಏರುತ್ತದೆ ಎಂಬುದು ಇಂದಿಗೂ ನಿಜ. ಆದರೆ 2020ರ ಏಪ್ರಿಲ್ 1ರಂದು ಬಿಎಸ್-6 ಎಂಬ ಹೊಗೆ ಮಾಲಿನ್ಯದ ನಿಯಮ ಜಾರಿಯಾದ ಮೇಲೆ ಬಂದ ಡೀಸೆಲ್ ಕಾರುಗಳ ಹೊಗೆಕೊಳವೆಯ ದಾರಿಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅಲ್ಲಿ ಕೂಡಿದ ಮಸಿ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟುಹೋಗಬೇಕು. ಆ ಶಾಖ ಹುಟ್ಟಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ, ಕಾರು ಒಂದೇ ಸಮನೆ ಹದಿನೈದಿಪ್ಪತ್ತು ನಿಮಿಷ ಓಡಬೇಕು. ಬೆಳಿಗ್ಗೆ ಶಾಲೆಯವರೆಗೆ ಹೋಗಿ ಎಂಜಿನ್ ಬಿಸಿಯಾಗುವಷ್ಟರಲ್ಲಿ ಅಂಗಳಕ್ಕೆ ಮರಳುವ ಕಾರಿನಲ್ಲಿ ಇದು ನಡೆಯುವುದಿಲ್ಲ. ಫಿಲ್ಟರ್ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ, ಅದನ್ನು ಕಡೆಗಣಿಸಿದರೆ ಸರ್ವಿಸ್ ಸೆಂಟರಿನಲ್ಲಿ ದೊಡ್ಡ ಬಿಲ್ಲೇ ಆಗುತ್ತದೆ. ತಿಂಗಳಿಗೊಂದು ಮಣಿಪಾಲ ಪ್ರಯಾಣವನ್ನು ನೆಚ್ಚಿಕೊಂಡು ಡೀಸೆಲ್ ಕೊಳ್ಳುವುದು ನಿಮ್ಮ ಓಡಾಟಕ್ಕೆ ಹೊಂದುವುದಿಲ್ಲ. ವಾರಕ್ಕೆ ಎರಡು ಮೂರು ಬಾರಿ ಶಿವಮೊಗ್ಗಕ್ಕೋ ಉಡುಪಿಗೋ ಹೋಗಿಬರುವವರಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಪೆಟ್ರೋಲ್ ಕಾರನ್ನೇ ಕೊಳ್ಳಿ. ಟರ್ಬೊ ಇಲ್ಲದ ಸಣ್ಣ ಎಂಜಿನ್ ಆದರೆ ಏರಿನಲ್ಲಿ ಒಂದು ಗೇರು ಕೆಳಗಿಳಿಸಿ ಓಡಿಸುವ ತಾಳ್ಮೆ ಬೇಕು, ಅಷ್ಟೇ.

ಸೀಟಿನ ವಿಷಯದಲ್ಲಿ, ಕಳೆದ ವರ್ಷ ಆರೂ ಜನ ಒಟ್ಟಾಗಿ ಎಷ್ಟು ಸಲ ದೂರ ಹೋಗಿದ್ದೀರಿ ಎಂದು ಮನೆಯವರೆಲ್ಲ ಕುಳಿತು ನೆನಪಿಸಿಕೊಳ್ಳಿ. ಮದುವೆ, ಉಪನಯನ, ಜಾತ್ರೆ ಎಂದು ಬೆರಳೆಣಿಕೆಯಷ್ಟಾದರೆ ಐದು ಸೀಟಿನ ಕಾರು ಕೊಂಡು, ಆ ದಿನಗಳಿಗೆ ಬಾಡಿಗೆ ವಾಹನ ಮಾಡಿಕೊಳ್ಳುವುದು ಅಗ್ಗ. ಆರ್‌ಸಿಯಲ್ಲಿ ಐದು ಎಂದಿರುವ ಕಾರಿನಲ್ಲಿ ಆರು ಜನ ಕೂರುವಂತಿಲ್ಲ ಎಂಬುದೂ ನೆನಪಿರಲಿ. ತಿಂಗಳಿಗೊಮ್ಮೆಯಾದರೂ ಎಲ್ಲರೂ ಹೊರಡುವ ಮನೆಯಾದರೆ ಏಳು ಸೀಟು ಬೇಕೇ ಬೇಕು, ಆದರೆ ನಾಲ್ಕು ಮೀಟರ್ ಒಳಗಿನ ಉದ್ದದ ಏಳು ಸೀಟಿನ ಕಾರಿನಲ್ಲಿ ಹಿಂದಿನ ಸಾಲು ಮಕ್ಕಳಿಗಷ್ಟೇ ಸಾಕಾಗುತ್ತದೆ, ಆ ಸಾಲು ಬಿಡಿಸಿದರೆ ಒಂದು ಚೀಲ ಇಡಲೂ ಜಾಗ ಉಳಿಯುವುದಿಲ್ಲ.

ಆಟೊಮ್ಯಾಟಿಕ್ ಎಂಬ ಹೆಸರಿನಲ್ಲಿ ಹಲವು ಬಗೆಗಳಿವೆ. ಅಗ್ಗದ ಎಎಂಟಿಯಲ್ಲಿ ಸಾಮಾನ್ಯ ಗೇರುಪೆಟ್ಟಿಗೆಯನ್ನೇ ಯಂತ್ರವೊಂದು ಬದಲಿಸುತ್ತದೆ. ಆಗುಂಬೆಯ 14 ಕಡಿದಾದ ತಿರುವುಗಳಲ್ಲಿ ಎದುರಿಗೆ ಬಸ್ಸು ಬಂದು, ನಿಂತು ಹೊರಡಬೇಕಾದಾಗ ಅದು ಯಾವ ಗೇರು ಹಾಕಲಿ ಎಂದು ಕ್ಷಣಕಾಲ ತಡವರಿಸುವುದುಂಟು. ಮ್ಯಾನ್ಯುವಲ್ ಮೋಡ್‌ಗೆ ತಂದು ಒಂದು ಅಥವಾ ಎರಡನೇ ಗೇರಿನಲ್ಲಿ ನಿಲ್ಲಿಸಿಕೊಂಡರೆ ತೊಂದರೆಯಿಲ್ಲ. ಟಾರ್ಕ್ ಕನ್ವರ್ಟರ್ ಬಗೆಯದು ಹೆಚ್ಚು ನಯ, ಬೆಲೆಯೂ ಹೆಚ್ಚು. ಯಾವುದನ್ನೇ ಕೊಂಡರೂ ಏರಿನಲ್ಲಿ ನಿಂತು ಹೊರಡುವಾಗ ಕಾರು ಹಿಂದಕ್ಕೆ ಜಾರದಂತೆ ತಡೆಯುವ ಹಿಲ್ ಹೋಲ್ಡ್ ಸೌಲಭ್ಯ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಳಿಯುವಾಗ ಬ್ರೇಕನ್ನೇ ಒತ್ತಿಕೊಂಡಿರದೆ ಕೆಳಗಿನ ಗೇರಿನ ಹಿಡಿತದಲ್ಲಿ ಇಳಿಯಬೇಕಾದ್ದರಿಂದ, ಕೆಳಗಿನ ಗೇರನ್ನು ನಾವೇ ಹಿಡಿದಿಡಲು ಬರುವಂಥ ಆಟೊಮ್ಯಾಟಿಕ್ಕೇ ಇರಲಿ.

ಟೆಸ್ಟ್ ಡ್ರೈವ್ ಎಂದು ಶಿವಮೊಗ್ಗದ ಚತುಷ್ಪಥದಲ್ಲಿ ಒಂದು ಸುತ್ತು ಹೊಡೆಸಿದರೆ ನಿಮಗೆ ಏನೂ ತಿಳಿಯುವುದಿಲ್ಲ. ಕಾರನ್ನು ನಿಮ್ಮ ಮನೆಗೇ ತರಿಸಿ, ಮನೆಮಂದಿಯನ್ನು ಕೂರಿಸಿಕೊಂಡು ನಿಮ್ಮ ಮಣ್ಣುರಸ್ತೆಯಲ್ಲೇ ಓಡಿಸಿ. ಕೈಪತ್ರದಲ್ಲಿ ಅಚ್ಚಾಗಿರುವ ಗ್ರೌಂಡ್ ಕ್ಲಿಯರೆನ್ಸ್ ಸಾಮಾನ್ಯವಾಗಿ ಖಾಲಿ ಕಾರಿನದು. ಐದು ಜನ ಕುಳಿತಾಗ ಅದು ಎಷ್ಟು ತಗ್ಗುತ್ತದೆ, ಮೋರಿಯ ಬಳಿ ಹೊಟ್ಟೆ ತಾಗುತ್ತದೆಯೇ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಅಮ್ಮನವರು ಮಂಡಿ ಬಗ್ಗಿಸದೆ ಹತ್ತಿ ಇಳಿಯಬಲ್ಲರೇ ಎಂಬುದನ್ನೂ ಅಂದೇ ನೋಡಿಬಿಡಿ. ಭಾರತ್ ಎನ್‌ಕ್ಯಾಪ್ ಎಂಬ ಕಾರು ಡಿಕ್ಕಿ ಪರೀಕ್ಷೆ 2023ರ ಅಕ್ಟೋಬರ್‌ನಿಂದ ನಡೆಯುತ್ತಿದ್ದು, ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ಬೇರೆ ಬೇರೆ ಅಂಕ ಕೊಡುತ್ತದೆ. ನೀವು ಎರಡನೆಯದನ್ನೂ ತಪ್ಪದೆ ನೋಡಬೇಕು.

ಪ್ರಶ್ನೆ: ಶಿವಮೊಗ್ಗದ ಶೋರೂಮಿನಲ್ಲಿ ಹತ್ತು ಲಕ್ಷದ ಆಸುಪಾಸಿನ ಎರಡು ಮಾದರಿಗಳಿಗೆ ಕೊಟೇಶನ್ ತಂದೆ. ಎಕ್ಸ್-ಶೋರೂಮ್ ಬೆಲೆಯಲ್ಲಿ ಹತ್ತೇ ಸಾವಿರದ ವ್ಯತ್ಯಾಸ, ಆನ್-ರೋಡ್ ಬೆಲೆಯಲ್ಲಿ ಅರ್ಧ ಲಕ್ಷಕ್ಕೂ ಹೆಚ್ಚು. ಲೆಕ್ಕ ತಪ್ಪಿದೆಯೇ?

ಉತ್ತರ: ತಪ್ಪಿಲ್ಲ. ನಮ್ಮ ರಾಜ್ಯದಲ್ಲಿ ಕಾರಿನ ಆಜೀವ ತೆರಿಗೆ ಬೆಲೆಯ ಹಂತದೊಂದಿಗೆ ಏರುತ್ತದೆ: 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಈ ತೆರಿಗೆಯ ಮೇಲೆ ಶೇ 11ರಷ್ಟು ಸೆಸ್ ಬೇರೆ. ಹಂತ ದಾಟಿದರೆ ಹೆಚ್ಚಿನ ದರ ಇಡೀ ಬೆಲೆಗೆ ಅನ್ವಯಿಸುತ್ತದೆ. ಹಾಗಾಗಿ 9.95 ಲಕ್ಷದ ಕಾರಿಗೆ ಸೆಸ್ ಸೇರಿ ಸುಮಾರು 1,54,600 ರೂಪಾಯಿ ಆಗುವ ತೆರಿಗೆ, 10.05 ಲಕ್ಷದ ಕಾರಿಗೆ ಸುಮಾರು 1,89,600 ರೂಪಾಯಿ ಆಗುತ್ತದೆ. ಜೊತೆಗೆ 10 ಲಕ್ಷ ಮೀರಿದ ಕಾರಿಗೆ ಶೇ 1ರಷ್ಟು ಟಿಸಿಎಸ್ (ಮಾರುವವರೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಹಿಡಿಯುತ್ತಾರೆ. ಬೆಲೆಯ ಅಂತರ, ತೆರಿಗೆ ಮತ್ತು ಟಿಸಿಎಸ್ ಕೂಡಿದರೆ ನೀವು ಕಂಡ ಅರ್ಧ ಲಕ್ಷ ಅಲ್ಲಿಗೆ ಸರಿಹೋಯಿತು. ಇವುಗಳಲ್ಲಿ ಟಿಸಿಎಸ್ ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮೆಯಾಗುವ ಹಣ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಹೊಂದಾಣಿಕೆಯಾಗುತ್ತದೆ ಅಥವಾ ಮರಳುತ್ತದೆ. ಕೃಷಿ ಆದಾಯ ಮಾತ್ರ ಇರುವ ಅನೇಕರು ರಿಟರ್ನ್ ಸಲ್ಲಿಸುವ ರೂಢಿ ಇಟ್ಟುಕೊಂಡಿಲ್ಲದ ಕಾರಣ ಈ ಹಣವನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ.

ಜಿಎಸ್‌ಟಿ ಎಕ್ಸ್-ಶೋರೂಮ್ ಬೆಲೆಯಲ್ಲೇ ಅಡಗಿದೆ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರ್ ಮೀರದ ಉದ್ದದ, 1200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1500 ಸಿಸಿ ಒಳಗಿನ ಡೀಸೆಲ್ ಕಾರಿಗೆ ಶೇ 18, ಇದಕ್ಕಿಂತ ದೊಡ್ಡವಕ್ಕೆ ಶೇ 40. ಕೊಟೇಶನ್ನಿನಲ್ಲಿ ನೀವು ಪ್ರಶ್ನಿಸಬೇಕಾದ ಸಾಲುಗಳು ಬೇರೆ ಇವೆ: ಹ್ಯಾಂಡ್ಲಿಂಗ್ ಅಥವಾ ಲಾಜಿಸ್ಟಿಕ್ಸ್ ಶುಲ್ಕ, ಕೇಳದೆಯೇ ಸೇರಿಸಿದ ಆಕ್ಸೆಸರಿ ಪ್ಯಾಕೇಜು, ಟೆಫ್ಲಾನ್ ಕೋಟಿಂಗು. ಮೊದಲನೆಯದಕ್ಕೆ ಯಾವ ಸೇವೆಗೆ ಈ ಹಣ ಎಂದು ಲಿಖಿತವಾಗಿ ಕೇಳಿದರೆ ಸಾಮಾನ್ಯವಾಗಿ ಆ ಸಾಲೇ ಅಳಿಸಿಹೋಗುತ್ತದೆ. ಟೆಫ್ಲಾನ್ ಬಗ್ಗೆ ನನಗಂತೂ ಯಾವ ಮೋಹವೂ ಇಲ್ಲ.

ಪ್ರಶ್ನೆ: ನಾವು ಅಡಿಕೆ ಬೆಳೆಗಾರರು, ಊರು ಕೊಪ್ಪದ ಬಳಿ. ಸಾಲ ಕೊಡುವ ಒಬ್ಬರು ಶೇ 7, ಬ್ಯಾಂಕಿನವರು ಶೇ 9 ಎನ್ನುತ್ತಿದ್ದಾರೆ. ಉಳಿದ ಹಣವನ್ನು ನಗದಾಗಿ ಕೊಡಬಹುದೇ?

ಉತ್ತರ: ಶೇ 7 ಎಂದವರನ್ನು ಅದು ಫ್ಲಾಟ್ ದರವೋ, ಇಳಿಯುವ ಬಾಕಿಯ ಮೇಲಿನ ದರವೋ ಎಂದು ಕೇಳಿ. ಫ್ಲಾಟ್ ಲೆಕ್ಕದಲ್ಲಿ ನೀವು ಅಸಲು ತೀರಿಸುತ್ತ ಹೋದರೂ ಮೊದಲ ದಿನದ ಪೂರ್ತಿ ಸಾಲಕ್ಕೇ ಕೊನೆಯವರೆಗೆ ಬಡ್ಡಿ ಬೀಳುತ್ತದೆ. ಐದು ವರ್ಷದ ಅವಧಿಗೆ ಶೇ 7ರ ಫ್ಲಾಟ್ ದರವು ಬ್ಯಾಂಕಿನ ಲೆಕ್ಕದಲ್ಲಿ ಸುಮಾರು ಶೇ 12.5ಕ್ಕೆ ಸಮ. ಅವಧಿಯನ್ನೂ ಎಳೆಯಬೇಡಿ. 8 ಲಕ್ಷ ರೂಪಾಯಿಯನ್ನು ಶೇ 9ರಂತೆ ಐದು ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 16,600, ಒಟ್ಟು ಬಡ್ಡಿ ಸುಮಾರು 1.96 ಲಕ್ಷ, ಏಳು ವರ್ಷಕ್ಕೆ ಎಳೆದರೆ ಕಂತು 12,900ರ ಹತ್ತಿರ ಇಳಿದರೂ ಬಡ್ಡಿ 2.81 ಲಕ್ಷಕ್ಕೆ ಏರುತ್ತದೆ. ತಿಂಗಳ ಸಂಬಳ ಬರುವ ಮನೆ ನಿಮ್ಮದಲ್ಲವಾದ್ದರಿಂದ, ಕೊಯ್ಲಿನ ಹಣಕ್ಕೆ ಹೊಂದುವಂತೆ ಆರು ತಿಂಗಳಿಗೋ ವರ್ಷಕ್ಕೋ ಕಂತು ಕಟ್ಟಲು ಅವಕಾಶವಿದೆಯೇ, ಅವಧಿಗೆ ಮುಂಚೆ ತೀರಿಸಿದರೆ ಶುಲ್ಕವೆಷ್ಟು ಎಂದು ಕೇಳಿ ಕಾಗದದಲ್ಲಿ ಬರೆಸಿಕೊಳ್ಳಿ. ಸಾಲ ತೀರಿದ ಮೇಲೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರದೊಂದಿಗೆ ಫಾರಂ 35 ಸಲ್ಲಿಸಿ ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರನ್ನು ತೆಗೆಸಬೇಕು.

ನಗದಿನ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. ಒಂದು ವ್ಯವಹಾರಕ್ಕೆ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಒಂದೇ ಕಾರಿಗೆ ಬೇರೆ ಬೇರೆ ದಿನ ಸ್ವಲ್ಪ ಸ್ವಲ್ಪವಾಗಿ ಕೊಟ್ಟರೂ ಅದು ಒಂದೇ ವ್ಯವಹಾರ.

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ತುಮರಿ ಕಡೆ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವುದು ತಪ್ಪಿತು, ಹಳೆಯ ಕಾರು ಮಾರಿ ಹೊಸದು ಕೊಳ್ಳುತ್ತಿದ್ದೇವೆ. ಶೋರೂಮಿನವರು ಹೇಳಿದ ವಿಮೆಯನ್ನೇ ಮಾಡಿಸಬೇಕೇ? ಮಳೆಗಾಲಕ್ಕೆ ಯಾವ ವಿಮೆ ಬೇಕು?

ಉತ್ತರ: ಅವರ ಬಳಿಯೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊಸ ಕಾರಿಗೆ ಬೇರೆಯವರಿಗೆ ಆಗುವ ಹಾನಿಯನ್ನು ಭರಿಸುವ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ, ಸ್ವಂತ ಹಾನಿಯ ವಿಮೆಯನ್ನು ವರ್ಷ ವರ್ಷವೂ ನವೀಕರಿಸುತ್ತ ಹೋಗಬಹುದು. ಹೊರಗೆ ಎರಡು ಕಡೆ ಪ್ರೀಮಿಯಂ ವಿಚಾರಿಸಿ ಆ ಚೀಟಿಯನ್ನು ಶೋರೂಮಿನಲ್ಲಿ ತೋರಿಸಿದರೆ ಅವರೇ ಬೆಲೆ ಇಳಿಸುವುದು ಸಾಮಾನ್ಯ.

ಹಳೆಯ ಕಾರಿಗೆ ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕರದು. ಅದು ಶೇ 20ರಿಂದ ಶೇ 50ರವರೆಗೆ ಇರುತ್ತದೆ. ಕಾರು ಮಾರುವಾಗಲೇ ವಿಮಾ ಕಂಪನಿಯಿಂದ ಅದರ ಪ್ರಮಾಣಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿನ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಆ ರಿಯಾಯಿತಿ ಸಿಗುತ್ತದೆ.

ಮರ ಬಿದ್ದರೆ, ಧರೆ ಕುಸಿದರೆ, ನೆರೆ ನುಗ್ಗಿದರೆ ಆಗುವ ಹಾನಿ ಸ್ವಂತ ಹಾನಿಯ ಸಾಮಾನ್ಯ ಪಾಲಿಸಿಯಲ್ಲೇ ಸೇರಿದೆ. ಸೇರದಿರುವುದು, ನೀರು ಎಂಜಿನ್ನಿನೊಳಗೆ ಹೋದ ಮೇಲೆ ಸ್ಟಾರ್ಟ್ ಮಾಡಿದ್ದರಿಂದ ಆಗುವ ನಷ್ಟ. ಗಾಳಿಯನ್ನು ಒತ್ತುವಂತೆ ನೀರನ್ನು ಒತ್ತಲು ಪಿಸ್ಟನ್ನಿಗೆ ಆಗದ ಕಾರಣ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ, ದುರಸ್ತಿ ಲಕ್ಷದ ಮಾತಾಗುತ್ತದೆ. ಹಳ್ಳ ಉಕ್ಕಿ ರಸ್ತೆಯ ಮೇಲೆ ಹರಿಯುವ ನಿಮ್ಮ ಕಡೆಯವರು ಈ ನಷ್ಟಕ್ಕೆಂದೇ ಇರುವ ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ವಿಮೆಯನ್ನು ಸೇರಿಸಿಕೊಳ್ಳಲೇಬೇಕು. ಅದಿದ್ದರೂ ನೀರಿನಲ್ಲಿ ನಿಂತುಹೋದ ಕಾರಿನ ಕೀಲಿ ತಿರುಗಿಸದೆ, ಫೋಟೋ ತೆಗೆದು, ಎಳೆಸಿಕೊಂಡು ಹೋಗಬೇಕು. ಸವಕಳಿ ಕಳೆಯದ ಝೀರೊ ಡೆಪ್ರಿಸಿಯೇಶನ್ ಮೊದಲ ಕೆಲವು ವರ್ಷ ಇರಲಿ, ಏಕೆಂದರೆ ಅದಿಲ್ಲದಿದ್ದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಅರ್ಧ ಹಣವನ್ನು ನೀವೇ ತೆರಬೇಕಾಗುತ್ತದೆ.

ಪ್ರಶ್ನೆ: ಆಷಾಢದಲ್ಲಿ ರಿಯಾಯಿತಿ ಹೆಚ್ಚು ಎಂದು ಬುಕ್ ಮಾಡುವ ಯೋಚನೆಯಿದೆ. ಹಳೆಯ ದಾಸ್ತಾನು ತಗುಲಿಸುತ್ತಾರೆಂಬ ಭಯ. (ಭದ್ರಾವತಿಯ ಓದುಗರು)

ಉತ್ತರ: ಮನೆಯ ಹಿರಿಯರ ಒಪ್ಪಿಗೆಯಿದ್ದರೆ ಆಷಾಢ ಒಳ್ಳೆಯ ಕಾಲ. ಆಯುಧಪೂಜೆಯ ಮುನ್ನಾದಿನ ಸಾಲುಗಟ್ಟಿ ಕಾರು ಕೊಡುವ ಗಡಿಬಿಡಿಯಲ್ಲಿ ಯಾರೂ ನಿಮಗೆ ಸಮಾಧಾನವಾಗಿ ಕಾರು ತೋರಿಸುವುದಿಲ್ಲ. ಬುಕಿಂಗ್ ರಸೀದಿಯ ಮೇಲೆ ಮಾದರಿ, ಬಣ್ಣ, ರಿಯಾಯಿತಿ, ರದ್ದು ಮಾಡಿದರೆ ಎಷ್ಟು ಹಣ ಮರಳುತ್ತದೆ ಎಂಬುದೆಲ್ಲ ಬರೆದಿರಬೇಕು. ಬೆಲೆ ಮಾತ್ರ ಸಾಮಾನ್ಯವಾಗಿ ಡೆಲಿವರಿಯ ದಿನದ್ದೇ ಅನ್ವಯಿಸುತ್ತದೆ. ಪೂರ್ತಿ ಹಣ ಕಟ್ಟುವ ಮೊದಲು, ನೋಂದಣಿಗೆ ಕಳಿಸುವುದಕ್ಕೂ ಮೊದಲು, ನಿಮಗೆ ಗೊತ್ತಾದ ಚಾಸಿ ಸಂಖ್ಯೆಯ ಕಾರನ್ನೇ ಹಗಲು ಬೆಳಕಿನಲ್ಲಿ ಒಣಗಿದ ಸ್ಥಿತಿಯಲ್ಲಿ ನೋಡಿ. ಮಳೆಹನಿ ಕೂತ ಬಣ್ಣದಲ್ಲಿ ಗೀರು ಕಾಣುವುದಿಲ್ಲ. ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷ ಇರುತ್ತದೆ. ಟೈರಿನ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ: 3225 ಎಂದರೆ 2025ರ 32ನೇ ವಾರ. ಐದಾರು ತಿಂಗಳ ಹಿಂದಿನ ಕಾರಾದರೆ ರಿಯಾಯಿತಿ ಹೆಚ್ಚಿಸಲು ಕೇಳಿ, ಹಿಂದಿನ ವರ್ಷದ್ದಾದರೆ ಮಾರುವಾಗ ಬೆಲೆ ಕಡಿಮೆಯಾಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎರಡನೇ ಕೀಲಿ, ಜಾಕಿ ಮತ್ತು ಸ್ಟೆಪ್ನಿ ಇವೆಯೇ ನೋಡಿ. ಸ್ಟೆಪ್ನಿಯ ಬದಲು ಪಂಕ್ಚರ್ ಕಿಟ್ ಮಾತ್ರ ಕೊಡುವ ಕಾರು ನಮ್ಮ ಕಾಡುದಾರಿಗೆ ಹೇಳಿದ್ದಲ್ಲ.

ಮಾತಿಗೆ ತಪ್ಪಿದರೆ ಮೊದಲು ಲಿಖಿತ ದೂರು ಕೊಡಿ, ಬಳಿಕ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಕಾಯ್ದೆಯಂತೆ, ಕಾರನ್ನು ಬೇರೆ ಜಿಲ್ಲೆಯಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶವಿದೆ.

ಪ್ರಶ್ನೆ: ಹೊಸನಗರದಲ್ಲಿ ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ಮಳೆಗಾಲದಲ್ಲಿ ಹೊಸ ಕಾರು ಕೊಟ್ಟಿಗೆಯ ಪಕ್ಕ ವಾರಗಟ್ಟಲೆ ನಿಂತೇ ಇರುತ್ತದೆ. ಏನು ಜಾಗ್ರತೆ ವಹಿಸಬೇಕು?

ಉತ್ತರ: ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸುವುದು ಬ್ಯಾಟರಿಗೆ ಉಪಕಾರ ಮಾಡುವುದಿಲ್ಲ, ಪೇಟೆಗೆ ಹೋಗಿಬರುವಷ್ಟು ಓಡಿಸಬೇಕು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ತೇವವನ್ನು ಹೀರುವ ಗುಣದ್ದು, ಹಾಗಾಗಿ ಟ್ಯಾಂಕನ್ನು ತಳ ಕಾಣುವಂತೆ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಒದ್ದೆ ಕಾಲುಹಾಸನ್ನು ಒಳಗೆ ಬಿಟ್ಟರೆ ಸೀಟಿಗೆ ಬೂಷ್ಟು ಹಿಡಿಯುತ್ತದೆ. ಬಿಸಿಲು ಬಂದ ದಿನ ನಾಲ್ಕೂ ಬಾಗಿಲು ತೆರೆದಿಡಲು ಹೇಳಿ. ಮೈಮುಚ್ಚುವ ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಕೂಡಿಹಾಕುವುದರಿಂದ, ಮಾಡಿನ ಕೆಳಗಿರುವ ಕಾರಿಗೆ ಅದು ಬೇಡ.

ದೊಡ್ಡ ಶತ್ರು ಇಲಿ. ಭತ್ತ, ಅಡಿಕೆ, ಹಿಂಡಿ ಇಟ್ಟ ಕಡೆಯಿಂದ ಕಾರನ್ನು ದೂರ ನಿಲ್ಲಿಸಬೇಕು. ಹೊರಡುವ ಮೊದಲು ಬಾನೆಟ್ ಎತ್ತಿ ನೋಡುವ ಅಭ್ಯಾಸವನ್ನು ಅಪ್ಪನವರು ಮಾಡಿಕೊಳ್ಳಲಿ. ವೈರು ಕಡಿದದ್ದು ಕಂಡರೆ ಊರಿನ ಎಲೆಕ್ಟ್ರಿಷಿಯನ್ ಕೈಗೆ ಕೊಡಬಾರದು, ಹಾಗೆ ಜೋಡಿಸಿದ ವೈರಿಂಗಿಗೆ ವಾರಂಟಿ ಸಿಗದೆ ಹೋಗಬಹುದು. ಇಲಿ ಕಡಿತದ ಬಗ್ಗೆ ವಿಮಾ ಕಂಪನಿಗಳ ನಿಲುವು ಒಂದೇ ರೀತಿಯಲ್ಲಿಲ್ಲವಾದ್ದರಿಂದ, ಪಾಲಿಸಿ ನವೀಕರಿಸುವ ಮೊದಲು ಅದು ಸೇರಿದೆಯೇ ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.