ಬಳಸದ ಟ್ರ್ಯಾಕರ್ ಪದೇ ಪದೇ ಕ್ರ್ಯಾಶ್ ಆಗುತ್ತಿದೆ, ತೆಗೆದುಹಾಕಲೇ?

ಉಬುಂಟು 22.04 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಲಾಗಿನ್ ಆದಾಗಲೆಲ್ಲ ‘ಸಿಸ್ಟಂ ಪ್ರೋಗ್ರಾಂನಲ್ಲಿ ತೊಂದರೆ’ ಅಂತ ಒಂದು ವಿಂಡೋ ಬರುತ್ತದೆ, ವಿವರ ನೋಡಿದರೆ ಟ್ರ್ಯಾಕರ್-ಎಕ್ಸ್‌ಟ್ರ್ಯಾಕ್ಟ್-3 ಎಂಬ ಹೆಸರಿದೆ, ನಾನಂತೂ ಅದನ್ನು ಬಳಸಿಯೇ ಇಲ್ಲ, ಪ್ಯಾಕೇಜನ್ನೇ ಕಿತ್ತುಹಾಕಲೇ ಎಂದು ಕೇಳಿದ್ದೀರಿ. ಕೀಳಬೇಡಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ, ಅದರಲ್ಲಿ ನನ್ನದೇ ಒಂದು ಪೆದ್ದುತನ ಇದೆ.

ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳಿ. ವಿಂಡೋ ಇವತ್ತು ಬಂತು ಅಂದರೆ ಕ್ರ್ಯಾಶ್ ಇವತ್ತೇ ಆಯಿತು ಅಂತೇನಿಲ್ಲ. ಅಪೋರ್ಟ್ ಎಂಬ ಪ್ರೋಗ್ರಾಂ ಪ್ರತಿ ಕ್ರ್ಯಾಶ್‌ಗೂ ಒಂದು ವರದಿ ಬರೆದು /ವರ್/ಕ್ರ್ಯಾಶ್ ಫೋಲ್ಡರಿನಲ್ಲಿ ಇಡುತ್ತದೆ. ಹಳೆಯ ವರದಿ ಅಲ್ಲೇ ಬಿದ್ದಿದ್ದರೂ ವಿಂಡೋ ಮತ್ತೆ ಬರಬಹುದು. ಫೈಲುಗಳ ತಾರೀಖು ನೋಡಿ, ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಹಾಕಿ ಅಳಿಸಿ, ಒಂದೆರಡು ದಿನ ಕಾಯಿರಿ. ಎಷ್ಟೋ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ.

ಹೊಸ ವರದಿ ಹುಟ್ಟಿದರೆ ಮುಂದೆ ಓದಿ. ಟ್ರ್ಯಾಕರ್ ಅಂದರೆ ಗ್ನೋಮ್ ಎಂಬ ಡೆಸ್ಕ್‌ಟಾಪ್‌ನ ಫೈಲು ಹುಡುಕುವ ವ್ಯವಸ್ಥೆ. ಮೈನರ್ ಎಂಬ ಭಾಗ ಯಾವ ಫೈಲು ಎಲ್ಲಿದೆ ಅಂತ ಪಟ್ಟಿ ಮಾಡುತ್ತದೆ. ಎಕ್ಸ್‌ಟ್ರ್ಯಾಕ್ಟ್ ಭಾಗ ಪಿಡಿಎಫ್, ಹಾಡು, ವಿಡಿಯೋಗಳ ಒಳಹೊಕ್ಕು ಶೀರ್ಷಿಕೆ, ಹಾಡಿದವರ ಹೆಸರು, ಒಳಗಿನ ಪಠ್ಯ ಎಲ್ಲ ಓದುತ್ತದೆ. ಅರ್ಧ ಡೌನ್‌ಲೋಡ್ ಆಗಿ ನಿಂತ ಒಂದು ವಿಡಿಯೋ ಸಾಕು ಅದು ಮುಗ್ಗರಿಸಲು. ಹಾಗಾಗಬಹುದು ಅಂತ ಗೊತ್ತಿದ್ದೇ ಆ ಭಾಗವನ್ನು ಬೇರೆ ಪ್ರೊಸೆಸ್ ಆಗಿ ಇಟ್ಟಿದ್ದಾರೆ. ಅದು ಬಿದ್ದರೂ ಮೈನರ್ ಬೀಳುವುದಿಲ್ಲ. ಹಾಗಾಗಿ ಇದರಿಂದ ನಿಮ್ಮ ಫೈಲುಗಳಿಗೆ ಏನೂ ಆಗಿಲ್ಲ, ಗಾಬರಿ ಬೇಡ. ಟರ್ಮಿನಲ್‌ನಲ್ಲಿ ‘ಟ್ರ್ಯಾಕರ್3 ಸ್ಟೇಟಸ್’ ಕೊಟ್ಟರೆ ಓದಲಾಗದ ಫೈಲುಗಳ ಹೆಸರು ಸಿಗುತ್ತದೆ (ಕಮಾಂಡನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ಗೊತ್ತಲ್ವಾ). ಆ ಫೈಲು ಅಳಿಸಿದರೆ ಕ್ರ್ಯಾಶ್ ನಿಲ್ಲಬಹುದು.

ಹುಡುಕಾಟವೇ ಬೇಡ ಅನ್ನುವವರು ಸರ್ವಿಸ್‌ಗೆ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗೆ) ಬೀಗ ಹಾಕಿ. ‘ಸಿಸ್ಟಂಸಿಟಿಎಲ್ --ಯೂಸರ್ ಮಾಸ್ಕ್ --ನೌ’ ಬರೆದು, ಮುಂದೆ ಟ್ರ್ಯಾಕರ್-ಮೈನರ್-ಎಫ್‌ಎಸ್-3 ಮತ್ತು ಟ್ರ್ಯಾಕರ್-ಎಕ್ಸ್‌ಟ್ರ್ಯಾಕ್ಟ್-3, ಎರಡಕ್ಕೂ ‘.ಸರ್ವಿಸ್’ ಸೇರಿಸಿ ಕೊಡಿ. ಇಲ್ಲಿ ಸುಡೋ ಹಾಕಬೇಡಿ. ಇವು ನಿಮ್ಮ ಲಾಗಿನ್‌ಗೆ ಸೇರಿದ ಸರ್ವಿಸ್‌ಗಳು, ರೂಟ್ ಎಂಬ ಅಡ್ಮಿನ್ ಖಾತೆಯವಲ್ಲ. ಡಿಸೇಬಲ್ ಸಾಲದೇ ಅಂದರೆ, ಸಾಲದು: ಬೇರೆ ಪ್ರೋಗ್ರಾಂ ಕರೆದರೆ ಮತ್ತೆ ಎದ್ದು ಕೂರುತ್ತದೆ. ಮಾಸ್ಕ್ ಮಾಡಿದ್ದು ಏಳುವುದಿಲ್ಲ. ಬದಲಿಗೆ ಫೈಲ್ಸ್ ಆ್ಯಪ್‌ನಲ್ಲಿ ಫೈಲಿನ ಒಳಗಿನ ಪದ ಹುಡುಕುವುದು ಕೈತಪ್ಪುತ್ತದೆ. ನಾನು ಅದಿಲ್ಲದೆ ಆರಾಮಾಗಿದ್ದೇನೆ. ಬೇಕೆನಿಸಿದಾಗ ಅನ್‌ಮಾಸ್ಕ್ ಮಾಡಿದರಾಯಿತು.

ಇನ್ನು ಆ ಪೆದ್ದುತನ. ಹಿಂದೊಮ್ಮೆ ನನಗೆ ಕ್ಯಾಲೆಂಡರ್ ನೆನಪೋಲೆ ಬೇಡ ಅಂತ ಎವಲ್ಯೂಷನ್-ಡೇಟಾ-ಸರ್ವರ್ ಪ್ಯಾಕೇಜನ್ನು ಕಿತ್ತೆ. ಏನೇನು ಹೋಗುತ್ತದೆ ಅಂತ ಆಪ್ಟ್ (ಪ್ಯಾಕೇಜ್ ಹಾಕುವ, ತೆಗೆಯುವ ಕಮಾಂಡ್) ಪಟ್ಟಿ ತೋರಿಸಿತ್ತು. ಓದುವ ತಾಳ್ಮೆ ಯಾರಿಗಿದೆ, ಸುಮ್ನೆ ವೈ ಒತ್ತಿದೆ. ಡೆಸ್ಕ್‌ಟಾಪ್ ತೋರಿಸುವ ಗ್ನೋಮ್ ಶೆಲ್ ಅದನ್ನೇ ನೆಚ್ಚಿಕೊಂಡಿದೆ, ಜೊತೆಯಲ್ಲೇ ಗಂಟುಮೂಟೆ ಕಟ್ಟಿತು. ರೀಬೂಟ್ ಮಾಡಿದರೆ ಕಪ್ಪು ಪರದೆ, ಮೇಲೆ ‘ಲಾಗಿನ್’ ಅನ್ನೋ ಒಂದು ಪದ. ರೌಟರಿನಿಂದ ಕೇಬಲ್ ಎಳೆದು ಉಬುಂಟು-ಡೆಸ್ಕ್‌ಟಾಪ್ ಪ್ಯಾಕೇಜ್ ಮತ್ತೆ ಹಾಕುವಷ್ಟರಲ್ಲಿ ರಾತ್ರಿ ಒಂದು ಗಂಟೆ. ಟ್ರ್ಯಾಕರ್ ಕಿತ್ತರೂ ಹೀಗೇ ಬೇರೇನಾದರೂ ಜೊತೆಗೆ ಹೋಗಬಹುದು, ಅದಕ್ಕೇ ಕೀಳಬೇಡಿ ಅಂದದ್ದು.